ಪಾಶ್ಚಾತ್ಯ ಭಾವಗೀತೆಯ ಪೌರಸ್ತ್ಯ ಓದು: ಚೀನೀ ಕಾವ್ಯತತ್ತ್ವ, ಕನ್ನಡ ಕಾವ್ಯಮೀಮಾಂಸೆ ಮತ್ತು ಭೀಮಾತೀರದ ತತ್ವಪದ

ಪಾಶ್ಚಾತ್ಯ ಭಾವಗೀತೆಯನ್ನು ಪೂರ್ವದೇಶಗಳ ಕಾವ್ಯತತ್ತ್ವದ ನೆಲೆಯಲ್ಲಿ ನಿಂತು ಓದುವುದು ತೌಲನಿಕ ಕಾವ್ಯಮೀಮಾಂಸೆಯ ಒಂದು ಶಾಖೆ. ಭಾವಗೀತೆಯೆಂದರೆ ಕಥೆಯ ಹಂಗಿಲ್ಲದೆ, ಒಂದೇ ದನಿಯಲ್ಲಿ, ಒಂದು ಭಾವಸ್ಥಿತಿಯನ್ನು ಹಿಡಿದಿಡುವ ಕಿರುಗವಿತೆ. ಇಂಗ್ಲಿಷಿನಲ್ಲಿ ಬ್ಲೇಕ್, ವರ್ಡ್ಸ್‌ವರ್ತ್, ಕೀಟ್ಸ್, ಎಮಿಲಿ ಡಿಕಿನ್ಸನ್, ಜರ್ಮನ್ ಭಾಷೆಯಲ್ಲಿ ಗಯಟೆ ಮತ್ತು ರಿಲ್ಕೆ ಈ ಪ್ರಕಾರದ ದೊಡ್ಡ ಕವಿಗಳು. ಇವರ ಕವಿತೆಗಳನ್ನು ಯುರೋಪಿನ ವಿಮರ್ಶೆ ರೂಪಿಸಿದ ಪರಿಭಾಷೆಯಲ್ಲೇ ಓದುವುದು ಬಹುಕಾಲ ಎಲ್ಲೆಡೆಯ ರೂಢಿಯಾಗಿತ್ತು. 20ನೆಯ ಶತಮಾನದಲ್ಲಿ ಚೀನಾದ ವಿದ್ವಾಂಸರು ಭಾವ ಮತ್ತು ದೃಶ್ಯಗಳ ಬೆಸುಗೆಯನ್ನು ಕುರಿತ ತಮ್ಮ ಪ್ರಾಚೀನ ವಿಚಾರಗಳನ್ನೂ, ಕರ್ನಾಟಕದ ವಿದ್ವಾಂಸರು ರಸ ಮತ್ತು ಧ್ವನಿಯ ಸಿದ್ಧಾಂತಗಳನ್ನೂ ಈ ಕವಿತೆಗಳಿಗೆ ಅನ್ವಯಿಸತೊಡಗಿದಾಗ ಓದಿನ ದಿಕ್ಕು ತಿರುಗಿತು. ಇವೆರಡರಲ್ಲಿ ಒಂದು ಮಹತ್ತ್ವದ ವ್ಯತ್ಯಾಸವಿದೆ. ಚೀನೀ ಕಾವ್ಯತತ್ತ್ವ ಜನಪದರ ಹಾಡುಗಳ ಮೇಲಿನ ವ್ಯಾಖ್ಯಾನವಾಗಿಯೇ ಬೆಳೆದದ್ದು. ಕನ್ನಡದ ಪ್ರಯತ್ನವಾದರೋ ಗ್ರಂಥಸ್ಥವಾದ ಸಂಸ್ಕೃತ ಮೀಮಾಂಸೆಯನ್ನೇ ಬಹುಮಟ್ಟಿಗೆ ಆಶ್ರಯಿಸಿತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಇಂದಿಗೂ ಹಾಡಿಕೆಯಲ್ಲಿರುವ ತತ್ವಪದಗಳು, ಅಂದರೆ ಅನುಭಾವದ ಹಾಡುಗಳು, ತಮ್ಮೊಳಗೆ ಒಂದು ಸಮರ್ಥವಾದ ಭಾವಗೀತ ಮೀಮಾಂಸೆಯನ್ನು ಇಟ್ಟುಕೊಂಡಿದ್ದರೂ ಅದು ಪರದೇಶದ ಕವಿತೆಯನ್ನು ಓದುವ ಉಪಕರಣವಾಗಿ ಸಾಕಷ್ಟು ಬಳಕೆಗೆ ಬಂದಿಲ್ಲ.

ಚೀನೀ ಕಾವ್ಯತತ್ತ್ವ

ಚೀನಾದ ಅತಿ ಪ್ರಾಚೀನ ಕವಿತಾಸಂಕಲನ ‘ಶಿಜಿಂಗ್’ನಲ್ಲಿ 305 ಹಾಡುಗಳಿವೆ, ಅವುಗಳಲ್ಲಿ ದೊಡ್ಡ ಪಾಲು ಬೇರೆ ಬೇರೆ ಸೀಮೆಗಳ ಪ್ರೇಮ, ದುಡಿಮೆ, ಅಗಲಿಕೆಗಳ ಹಾಡು. ಹಾನ್ ರಾಜವಂಶದ ಕಾಲದಲ್ಲಿ ಈ ಸಂಕಲನಕ್ಕೆ ಸೇರಿಕೊಂಡ ‘ಮಹಾಪೀಠಿಕೆ’ ಎಂಬ ಬರಹವು, ಮನಸ್ಸಿನಲ್ಲಿರುವ ಒಲವು ಮಾತಾಗಿ ಹೊರಬಂದಾಗ ಕವಿತೆಯಾಗುತ್ತದೆಂಬ ನಿಲುವನ್ನು ಪ್ರತಿಪಾದಿಸಿ, ಹಾಡು ಮಾತನಾಡುವ ಮೂರು ಬಗೆಗಳನ್ನು ಹೆಸರಿಸಿತು. ವಿಷಯವನ್ನು ನೇರವಾಗಿ ಹೇಳುವುದು ‘ಫು’, ಹೋಲಿಸಿ ಹೇಳುವುದು ‘ಬಿ’, ನಿಸರ್ಗದ ಒಂದು ನೋಟವನ್ನು ಮೊದಲಿಗಿಟ್ಟು ಅದರಿಂದ ಭಾವವನ್ನು ಎಬ್ಬಿಸುವುದು ‘ಶಿಂಗ್’. ಮೂರನೆಯದೇ ಚೀನೀ ಚಿಂತನೆಯ ವಿಶೇಷ ಕೊಡುಗೆ. ಶಿಂಗ್ ಪದ್ಧತಿಯ ಹಾಡಿನಲ್ಲಿ ಹಕ್ಕಿಯೋ ಹಣ್ಣಿನ ಮರವೋ ಮೊದಲು ಕಾಣಿಸಿಕೊಳ್ಳುತ್ತದೆ, ಆಮೇಲೆ ಮನುಷ್ಯನ ಮಾತು ಬರುತ್ತದೆ. ಇವೆರಡರ ಸಂಬಂಧವೇನೆಂದು ಕವಿತೆ ಹೇಳುವುದಿಲ್ಲ, ‘ಹಾಗೆ’, ‘ಅಂತೆ’ ಎಂಬ ಉಪಮಾವಾಚಕಗಳೂ ಇರುವುದಿಲ್ಲ.

ಮುಂದಿನ ಶತಮಾನಗಳಲ್ಲಿ ಈ ಬೀಜ ಹಲವು ದಿಕ್ಕುಗಳಲ್ಲಿ ಬೆಳೆಯಿತು. ಸುಮಾರು 500ರ ಹೊತ್ತಿಗೆ ಲಿಯು ಶಿಯೆ ಬರೆದ 50 ಅಧ್ಯಾಯಗಳ ‘ವೆನ್‌ಶಿನ್ ದಿಯಾವ್‌ಲೊಂಗ್’ ಚೀನೀ ಸಾಹಿತ್ಯಶಾಸ್ತ್ರದ ಅತ್ಯಂತ ವ್ಯವಸ್ಥಿತವಾದ ಗ್ರಂಥ. ಋತುಗಳು ಬದಲಾದಂತೆ ಕವಿಯ ಮನಸ್ಸು ಹೇಗೆ ಕದಲುತ್ತದೆ, ಕದಲಿದ ಮನಸ್ಸು ಮತ್ತೆ ವಸ್ತುಗಳನ್ನು ಹೇಗೆ ಕಾಣುತ್ತದೆ ಎಂಬುದಕ್ಕೆ ಅಲ್ಲಿ ಒಂದು ಇಡೀ ಅಧ್ಯಾಯ ಮೀಸಲಾಗಿದೆ. ಅವನ ಸಮೀಪಕಾಲೀನನಾದ ಜೋಂಗ್ ರೋಂಗ್ ಕವಿಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿ, ಒಳ್ಳೆಯ ಕವಿತೆಗೆ ರುಚಿಯಿರಬೇಕೆಂದು ವಾದಿಸಿದ. ಭಾರತದ ರಸವಿಚಾರವನ್ನು ಬಲ್ಲವರಿಗೆ ಈ ಮಾತು ಅಪರಿಚಿತವೆನಿಸದು. 13ನೆಯ ಶತಮಾನದ ಯಾನ್ ಯೂ ಕಾವ್ಯಾನುಭವವನ್ನು ಚಾನ್ ಬೌದ್ಧರ ಸಾಕ್ಷಾತ್ಕಾರಕ್ಕೆ ಹೋಲಿಸಿದ. ವಾಂಗ್ ಫೂಜಿ (1619–1692) ‘ಚಿಂಗ್’ ಎಂಬ ಭಾವವೂ ‘ಜಿಂಗ್’ ಎಂಬ ದೃಶ್ಯವೂ ಹೆಸರಿನಲ್ಲಿ ಎರಡಾದರೂ ನಿಜದಲ್ಲಿ ಬೇರ್ಪಡಿಸಲಾಗದವು ಎಂಬ ಸಿದ್ಧಾಂತವನ್ನು ಸ್ಪಷ್ಟಪಡಿಸಿದ. ಕಡೆಗೆ, ಕಾಂಟ್ ಮತ್ತು ಶೋಪೆನ್‌ಹಾವರ್‌ರನ್ನು ಆಳವಾಗಿ ಓದಿದ್ದ ವಾಂಗ್ ಗೋವೇಯ್ (1877–1927) 1908ರಲ್ಲಿ ಪ್ರಕಟಿಸತೊಡಗಿದ ‘ರೆನ್‌ಜಿಯಾನ್ ತ್ಸಿಹುವಾ’ದಲ್ಲಿ ಕಾವ್ಯಲೋಕವನ್ನು ಎರಡು ಬಗೆಯಾಗಿ ಗುರುತಿಸಿದ. ಒಂದರಲ್ಲಿ ಎಲ್ಲ ವಸ್ತುಗಳೂ ಕವಿಯ ‘ನಾನು’ವಿನ ಬಣ್ಣ ತಳೆದಿರುತ್ತವೆ, ಇನ್ನೊಂದರಲ್ಲಿ ನೋಡುವವನು ಯಾರು, ನೋಡಲ್ಪಟ್ಟದ್ದು ಯಾವುದು ಎಂಬ ಗೆರೆಯೇ ಅಳಿಸಿಹೋಗಿರುತ್ತದೆ.

9ನೆಯ ಶತಮಾನದ ಒಂದು ಕಾಲಸಾಮ್ಯವನ್ನು ಇಲ್ಲಿ ಗಮನಿಸಬೇಕು. ಕಂಡ ಚಿತ್ರದ ಆಚೆಗೊಂದು ಚಿತ್ರ, ಉಪ್ಪು-ಹುಳಿಗಳ ಆಚೆಗೊಂದು ರುಚಿ ಕವಿತೆಯಲ್ಲಿರಬೇಕೆಂದ ಸಿಕೋಂಗ್ ಟೂ ಬದುಕಿದ್ದು 837ರಿಂದ 908ರವರೆಗೆ. ವಾಚ್ಯಾರ್ಥದ ಆಚೆಗೆ ಹೊಳೆಯುವ ಧ್ವನಿಯೇ ಕಾವ್ಯದ ಆತ್ಮವೆಂದ ಆನಂದವರ್ಧನ ಕಾಶ್ಮೀರದ ಅವಂತಿವರ್ಮನ (855–883) ಕಾಲದವನು. ಅದೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿಗೆ ಸೇರಿದ ಮಳಖೇಡದಲ್ಲಿ, ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ ರಚಿತವಾಯಿತು. ದಂಡಿಯ ಜಾಡಿನಲ್ಲಿ ಅಲಂಕಾರಗಳನ್ನು ವಿವರಿಸುವ ಈ ಕೃತಿ ಧ್ವನಿಯನ್ನೂ ಅಲಂಕಾರಗಳಲ್ಲಿ ಒಂದಾಗಿ ಸೇರಿಸಿಕೊಂಡಿದೆ. ಈ ಮೂರು ಕಡೆಯವರು ಒಬ್ಬರಿಂದೊಬ್ಬರು ಕಲಿತರೆಂದು ಹೇಳಲು ಆಧಾರವಿಲ್ಲ. ಆದರೆ ಹೇಳದೆ ಉಳಿದದ್ದನ್ನು ಕುರಿತು ಶಾಸ್ತ್ರ ಮಾತನಾಡಬೇಕೆಂಬ ಅಗತ್ಯ ಮೂರು ನಾಡುಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒದಗಿಬಂದದ್ದು ಸಾಮಾನ್ಯ ಸಂಗತಿಯಲ್ಲ.

ಈ ದೃಷ್ಟಿಯಿಂದ ಪಾಶ್ಚಾತ್ಯ ಕವಿತೆಯನ್ನು ಓದಿದಾಗ ದೊರಕುವ ಫಲಕ್ಕೆ ಗಯಟೆಯ ‘ವಾಂಡ್ರರ್ಸ್ ನಾಖ್ಟ್‌ಲೀಡ್’ ಎಂಬ ಹೆಸರಿನ ಎರಡು ಕವಿತೆಗಳಲ್ಲಿ ಎರಡನೆಯದು ಉತ್ತಮ ನಿದರ್ಶನ. 1780ರ ಸೆಪ್ಟೆಂಬರಿನಲ್ಲಿ ಇಲ್ಮೆನಾವ್ ಪಟ್ಟಣದ ಬಳಿಯ ಕಿಕೆಲ್‌ಹಾನ್ ಬೆಟ್ಟದ ಮೇಲಿನ ಬೇಟೆಗುಡಿಸಲಿನ ಮರದ ಗೋಡೆಗೆ ಕವಿ ಬರೆದ ಈ ಎಂಟು ಸಾಲುಗಳಲ್ಲಿ ಬೆಟ್ಟದ ನೆತ್ತಿ, ಮರಗಳ ತುದಿ, ಹಕ್ಕಿಗಳು, ಆಮೇಲೆ ಮನುಷ್ಯ ಎಂಬ ಕ್ರಮದಲ್ಲಿ ಮೌನ ಇಳಿದು ಬರುತ್ತದೆ. ಒಂದು ಉಪಮೆಯಿಲ್ಲ, ದುಃಖವೆಂದೋ ಸಂತೋಷವೆಂದೋ ಭಾವದ ಹೆಸರಿಲ್ಲ. ಪ್ರತೀಕಗಳನ್ನು ಹುಡುಕುವ ಓದಿಗೆ ಇಲ್ಲಿ ಕೆಲಸ ಕಡಿಮೆ. ಚಿಂಗ್-ಜಿಂಗ್‌ಗಳ ಅಭೇದವನ್ನು ಬಲ್ಲ ಓದಿಗೆ ಈ ಇಳಿತದ ಕ್ರಮವೇ ಕವಿತೆಯ ಅರ್ಥವೆಂಬುದು ತಕ್ಷಣ ಗೋಚರಿಸುತ್ತದೆ. ಎಜ್ರಾ ಪೌಂಡನ 1913ರ ‘ಇನ್ ಎ ಸ್ಟೇಷನ್ ಆಫ್ ದ ಮೆಟ್ರೊ’ ಕೂಡ ಹೀಗೆಯೇ. ನಿಲ್ದಾಣದಲ್ಲಿ ಕಂಡ ಮುಖಗಳನ್ನೂ ಹೂವಿನ ಎಸಳುಗಳನ್ನೂ ಯಾವ ಸಂಬಂಧವಾಚಕವೂ ಇಲ್ಲದೆ ಪಕ್ಕಪಕ್ಕದಲ್ಲಿಡುವ ಆ ಎರಡು ಸಾಲುಗಳು ಶಿಂಗ್ ಪದ್ಧತಿಗೆ ತೀರ ಹತ್ತಿರದವು. ಫೆನೊಲೊಸಾ ಎಂಬ ವಿದ್ವಾಂಸನ ಟಿಪ್ಪಣಿಗಳನ್ನು ಆಧರಿಸಿ ಚೀನೀ ಕವಿತೆಗಳನ್ನು ‘ಕ್ಯಾಥೇ’ (1915) ಎಂಬ ಸಂಗ್ರಹದಲ್ಲಿ ಇಂಗ್ಲಿಷಿಗೆ ತಂದವನೂ ಪೌಂಡನೇ ಆದ್ದರಿಂದ ಆಧುನಿಕ ಇಂಗ್ಲಿಷ್ ಭಾವಗೀತೆಯ ಒಂದು ಕವಲನ್ನು ಚೀನೀ ತತ್ತ್ವದಿಂದ ಓದುವುದೆಂದರೆ ಅದರ ಮೂಲಸೆಲೆಗಳಲ್ಲಿ ಒಂದಕ್ಕೆ ಮರಳುವುದೂ ಆಗುತ್ತದೆ.

ಈ ಕ್ಷೇತ್ರದ ವಿದ್ವತ್ತು ಮುಖ್ಯವಾಗಿ ಬೆಳೆದದ್ದು ಝು ಗ್ವಾಂಗ್‌ಚಿಯಾನ್, ಚಿಯಾನ್ ಜೋಂಗ್‌ಶೂ ಮತ್ತು ಜೇಮ್ಸ್ ಜೆ. ವೈ. ಲಿಯು ಅವರ ಬರಹಗಳಿಂದ. ಸ್ಟೀಫನ್ ಓವೆನ್ ತನ್ನ 1985ರ ಗ್ರಂಥದಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಕುರಿತ ವರ್ಡ್ಸ್‌ವರ್ತ್‌ನ ಸಾನೆಟ್ಟನ್ನು ತಾಂಗ್ ಯುಗದ ಡೂ ಫೂ ಕವಿತೆಯೊಂದರ ಪಕ್ಕದಲ್ಲಿಟ್ಟು, ಚೀನೀ ಓದುಗ ಕವಿತೆಯನ್ನು ಒಂದು ನಿಜಗಳಿಗೆಯ ದಾಖಲೆಯೆಂದು ನಂಬುತ್ತಾನೆ, ಪಾಶ್ಚಾತ್ಯ ಓದುಗ ಅದನ್ನು ಕಲ್ಪಿತವೆಂದು ಹಿಡಿದು ಅದರಾಚೆಯ ಅರ್ಥಕ್ಕೆ ಕೈಚಾಚುತ್ತಾನೆ ಎಂದು ವಾದಿಸಿದ. ಪಾಲಿನ್ ಯೂ 1987ರಲ್ಲಿ ಇದೇ ವಾದವನ್ನು ರೂಪಕದ ವಿಚಾರಕ್ಕೆ ವಿಸ್ತರಿಸಿದಳು. ಆದರೆ ಪೂರ್ವ-ಪಶ್ಚಿಮಗಳನ್ನು ಹೀಗೆ ಎರಡು ಮುಚ್ಚಿದ ಕೋಣೆಗಳೆಂದು ಭಾವಿಸುವುದನ್ನು ಜಾಂಗ್ ಲೋಂಗ್‌ಶಿ ಮತ್ತು ಹಾನ್ ಸಾಸಿ 1990ರ ದಶಕದಲ್ಲಿ ಬಲವಾಗಿ ಪ್ರಶ್ನಿಸಿದರು. ಚೀನೀ ವ್ಯಾಖ್ಯಾನಕಾರರೂ ಪ್ರೇಮಗೀತೆಗಳಲ್ಲಿ ರಾಜನೀತಿಯ ಅನ್ಯಾರ್ಥವನ್ನು ಶತಮಾನಗಳ ಕಾಲ ಕಂಡಿದ್ದರೆಂಬ ಅವರ ಆಕ್ಷೇಪ ಸರಿಯಾದದ್ದೇ. 1990ರಲ್ಲಿ ಅರ್ಲ್ ಮೈನರ್ ಮಂಡಿಸಿದ ಇನ್ನೊಂದು ವಾದ ಭಾರತಕ್ಕೆ ಹೆಚ್ಚು ಪ್ರಸ್ತುತ: ಗ್ರೀಕರ ಮೀಮಾಂಸೆ ನಾಟಕವನ್ನು ಮುಂದಿಟ್ಟುಕೊಂಡು ಹುಟ್ಟಿದ್ದರಿಂದ ಅನುಕರಣೆಯನ್ನು ತನ್ನ ಕೇಂದ್ರವಾಗಿಸಿಕೊಂಡಿತು, ಪೂರ್ವ ಏಷ್ಯಾದ ಮೀಮಾಂಸೆ ಭಾವಗೀತೆಯಿಂದ ಹುಟ್ಟಿದ್ದರಿಂದ ಭಾವದ ಪ್ರಭಾವ ಮತ್ತು ಅಭಿವ್ಯಕ್ತಿಗಳನ್ನು ಕೇಂದ್ರವಾಗಿಸಿಕೊಂಡಿತು ಎಂಬುದು ಅದರ ತಿರುಳು. ಭರತನ ನಾಟ್ಯಶಾಸ್ತ್ರದಲ್ಲಿ ಮೊಳೆತ ರಸಸಿದ್ಧಾಂತ ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಪೂರ್ತಿ ಒಗ್ಗುವುದಿಲ್ಲ. ಅದರ ತಾಯಿಬೇರು ನಾಟಕದಲ್ಲಿದೆ, ನೋಟವೆಲ್ಲ ಭಾವದ ಮೇಲಿದೆ.

ಕನ್ನಡದ ಪ್ರಯತ್ನಗಳು

ಕನ್ನಡದಲ್ಲಿ ಪಾಶ್ಚಾತ್ಯ ಭಾವಗೀತೆಯ ಓದು ವಿಮರ್ಶೆಯಾಗಿ ಆರಂಭವಾಗಲಿಲ್ಲ, ಅನುವಾದವಾಗಿ ಆರಂಭವಾಯಿತು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಹೊಸಗನ್ನಡ ಸಾಹಿತ್ಯ ಹಿಡಿಯಬೇಕಾದ ದಾರಿಯನ್ನು ಕುರಿತು ಮಾತನಾಡಿದ ಬಿ. ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಆ ಮಾತನ್ನು ಮಾಡಿ ತೋರಿಸಿದರು. ಕ್ಯಾಂಬೆಲ್‌ನ ಲಾವಣಿ ‘ಕಾರಿಹೆಗ್ಗಡೆಯ ಮಗಳು’ ಆಗಿ ಕರಾವಳಿಯ ಕಥೆಯಂತೆ ಮರುಹುಟ್ಟು ಪಡೆದದ್ದೂ, ನ್ಯೂಮನ್‌ನ ಪ್ರಾರ್ಥನೆ ಕನ್ನಡಿಗರ ಮನೆಮನೆಯ ಹಾಡಾದದ್ದೂ ಆಯ್ಕೆಯ ಹಿಂದಿನ ಓದಿನ ಫಲ. ಯಾವ ಭಾವ ಇಲ್ಲಿನ ನೆಲದಲ್ಲಿ ಬೇರೂರೀತು, ಯಾವ ದೃಶ್ಯವನ್ನು ಬದಲಿಸಿದರೂ ಭಾವ ಉಳಿದೀತು ಎಂಬುದನ್ನು ತೂಗಿ ನೋಡಿದ ಈ ಕೆಲಸ ಔಚಿತ್ಯವಿಚಾರದ ಪ್ರಯೋಗವೇ ಆಗಿತ್ತು.

ಶಾಸ್ತ್ರೀಯವಾದ ತಳಹದಿ ಸಿದ್ಧವಾದದ್ದು ಆಮೇಲೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1950ರ ದಶಕದ ಆರಂಭದಲ್ಲಿ ಹೊರಬಂದು, ಭರತನಿಂದ ಜಗನ್ನಾಥನವರೆಗಿನ ವಿಚಾರವನ್ನು ಕನ್ನಡ ಕವಿತೆಗಳ ಉದಾಹರಣೆಗಳೊಡನೆ ಸಾಮಾನ್ಯ ಓದುಗರಿಗೂ ತಲುಪಿಸಿತು. ಮೈಸೂರಿನ ಎಂ. ಹಿರಿಯಣ್ಣನವರ ಸೌಂದರ್ಯಶಾಸ್ತ್ರದ ಲೇಖನಗಳು 1954ರಲ್ಲಿ ‘ಆರ್ಟ್ ಎಕ್ಸ್‌ಪೀರಿಯನ್ಸ್’ ಎಂಬ ಇಂಗ್ಲಿಷ್ ಗ್ರಂಥವಾದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಕೆ. ಕೃಷ್ಣಮೂರ್ತಿಯವರ ಸಂಪಾದನೆ-ಅನುವಾದಗಳಲ್ಲಿ ‘ಧ್ವನ್ಯಾಲೋಕ’ (1974) ಮತ್ತು ಕುಂತಕನ ‘ವಕ್ರೋಕ್ತಿಜೀವಿತ’ (1977) ಗ್ರಂಥಗಳನ್ನು ಪ್ರಕಟಿಸಿತು. ಜಿ. ಎಸ್. ಶಿವರುದ್ರಪ್ಪನವರ ‘ಕಾವ್ಯಾರ್ಥ ಚಿಂತನ’ ಭಾರತೀಯ ಮತ್ತು ಪಾಶ್ಚಾತ್ಯ ಪರಿಕಲ್ಪನೆಗಳನ್ನು ಒಂದೇ ಹಂದರದಲ್ಲಿಟ್ಟು ಚರ್ಚಿಸಿದ ಕೃತಿ. ಅದಕ್ಕೆ 1984ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಂಗ್ಲಿಷ್ ಕವಿತೆಯನ್ನು ಇಂಗ್ಲಿಷ್ ತರಗತಿಯಲ್ಲೇ ರಸ-ಧ್ವನಿಗಳ ಮೂಲಕ ಓದಬೇಕೆಂಬ ಆಗ್ರಹವನ್ನು ಮುಂದಿಟ್ಟವರು ಸಿ. ಡಿ. ನರಸಿಂಹಯ್ಯ. ಕೇಂಬ್ರಿಡ್ಜಿನಲ್ಲಿ ಎಫ್. ಆರ್. ಲೀವಿಸ್ ಅವರ ಶಿಷ್ಯರಾಗಿದ್ದ ಅವರು 1952ರಲ್ಲಿ ಆರಂಭವಾದ ‘ದ ಲಿಟರರಿ ಕ್ರೈಟೀರಿಯನ್’ ಪತ್ರಿಕೆಯ ಮೂಲಕವೂ, 1979ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ‘ಧ್ವನ್ಯಾಲೋಕ’ ಎಂಬ ಅಧ್ಯಯನ ಕೇಂದ್ರದ ಮೂಲಕವೂ ಈ ಕಾರ್ಯಕ್ರಮವನ್ನು ಬೆಳೆಸಿದರು.

ಈ ಓದಿಗೆ ಅತ್ಯಂತ ಪರಿಚಿತವಾದ ಹೋಲಿಕೆ ಟಿ. ಎಸ್. ಎಲಿಯಟ್ 1919ರಲ್ಲಿ ‘ಹ್ಯಾಮ್ಲೆಟ್’ ಕುರಿತ ಪ್ರಬಂಧದಲ್ಲಿ ಮಂಡಿಸಿದ ವಸ್ತುಪ್ರತಿರೂಪದ ಕಲ್ಪನೆಗೂ ಭರತನ ವಿಭಾವಕ್ಕೂ ಇರುವಂಥದು. ಭಾವವನ್ನು ಹೆಸರಿಸಿದರೆ ಸಾಲದು, ಅದನ್ನು ಓದುಗನಲ್ಲಿ ಎಬ್ಬಿಸಬಲ್ಲ ವಸ್ತು-ಸನ್ನಿವೇಶಗಳನ್ನು ಕವಿ ಕಟ್ಟಬೇಕು ಎಂಬುದು ಎರಡರ ಸಾಮಾನ್ಯ ನೆಲೆ. ಇದಕ್ಕಿಂತ ಫಲವತ್ತಾದದ್ದು ಸಾಧಾರಣೀಕರಣದ ವಿಚಾರ. ಭಟ್ಟನಾಯಕ ಮತ್ತು ಅಭಿನವಗುಪ್ತರ ಪ್ರಕಾರ ಕಾವ್ಯದ ಭಾವ ಕವಿಯ ಸ್ವಂತದ್ದಲ್ಲ, ಓದುಗನ ಸ್ವಂತದ್ದೂ ಅಲ್ಲ. ‘ನನ್ನದು’, ‘ಪರರದು’ ಎಂಬ ಗಡಿ ಕಳೆದಾಗ ಮಾತ್ರ ಅದು ಆಸ್ವಾದಕ್ಕೆ ಬರುತ್ತದೆ. ಕವಿತೆಯು ಶಾಂತಸ್ಥಿತಿಯಲ್ಲಿ ಮರಳಿ ನೆನೆದ ಭಾವದಿಂದ ಹುಟ್ಟುತ್ತದೆಂದು ತನ್ನ ಕವಿತಾಸಂಗ್ರಹದ 1800ರ ಪೀಠಿಕೆಯಲ್ಲಿ ವಾದಿಸಿದ ವರ್ಡ್ಸ್‌ವರ್ತ್‌ಗೂ, ಕವಿಗೆ ತನ್ನದೆಂಬ ವ್ಯಕ್ತಿತ್ವವೇ ಇಲ್ಲವೆಂದು 1818ರ ಪತ್ರದಲ್ಲಿ ಬರೆದ ಕೀಟ್ಸ್‌ಗೂ ಈ ವಿಚಾರ ಹತ್ತಿರವಾದರೂ, ಅವರಿಬ್ಬರ ಗಮನ ಕವಿಯ ಮೇಲಿತ್ತು, ಅಭಿನವಗುಪ್ತನದು ಸಹೃದಯನ, ಅಂದರೆ ರಸಜ್ಞ ಓದುಗನ, ಮೇಲೆ.

ಭಾರತೀಯ ಮೀಮಾಂಸೆ ನಾಟಕದಿಂದ ಹುಟ್ಟಿದ್ದರಿಂದ ಕಿರುಗವಿತೆಗೆ ಅದು ಒಗ್ಗದೆಂಬ ಆಕ್ಷೇಪಕ್ಕೆ ಆನಂದವರ್ಧನನಲ್ಲೇ ಉತ್ತರವಿದೆ. ಅಮರುಕ ಕವಿಯ ಒಂಟಿಪದ್ಯಗಳು, ಅಂದರೆ ಮುಕ್ತಕಗಳು, ಇಡೀ ಪ್ರಬಂಧದಷ್ಟೇ ರಸವನ್ನು ಸುರಿಸಬಲ್ಲವೆಂದು ಅವನು ಒಪ್ಪಿದ್ದಾನೆ. ನಿಜವಾದ ತೊಂದರೆ ಬೇರೆಯದು. ಕವಿತೆಯೊಂದನ್ನು ಓದಿ ಇದರ ರಸ ಕರುಣ, ಇದು ವಿಪ್ರಲಂಭ ಶೃಂಗಾರ ಎಂದು ಹೆಸರಿಟ್ಟು ನಿಲ್ಲಿಸಿದ ಲೇಖನಗಳು ಕನ್ನಡದಲ್ಲೂ ಭಾರತದ ಇಂಗ್ಲಿಷ್ ವಿಮರ್ಶೆಯಲ್ಲೂ ಹೇರಳವಾಗಿವೆ, ಹೆಸರಿಡುವುದು ಓದಲ್ಲ. ಕೀಟ್ಸ್‌ನ ‘ಓಡ್ ಟು ಎ ನೈಟಿಂಗೇಲ್’ (1819) ಕವಿತೆಯಲ್ಲಿ ಸಾವಿನ ಬಯಕೆಯೂ ಹಾಡಿನ ಆನಂದವೂ ಒಂದನ್ನೊಂದು ಹೇಗೆ ತಳ್ಳುತ್ತವೆ, ಕೊನೆಗೆ ಯಾವ ಸ್ಥಾಯಿಭಾವವೂ ನೆಲೆನಿಲ್ಲದಂತೆ ಕವಿತೆ ಏಕೆ ಪ್ರಶ್ನೆಯಲ್ಲಿ ಮುಗಿಯುತ್ತದೆ ಎಂಬುದನ್ನು ವಿವರಿಸಬೇಕಾದರೆ ರಸಸಿದ್ಧಾಂತ ತನ್ನ ಲಕ್ಷಣಗಳನ್ನೇ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಆ ಪರೀಕ್ಷೆಗೆ ಒಳಪಟ್ಟಾಗಲೇ ಪೌರಸ್ತ್ಯ ಓದು ಸಾರ್ಥಕವಾಗುವುದು.

ನಿಸರ್ಗ ಮತ್ತು ಮನಸ್ಸಿನ ಸಂಬಂಧದಲ್ಲಿ ಚೀನೀ ವಿಚಾರಕ್ಕೆ ತೀರ ಸಮೀಪದ ದಕ್ಷಿಣ ಭಾರತದ ಕಲ್ಪನೆಯನ್ನು ಲೋಕದ ಓದುಗರಿಗೆ ಪರಿಚಯಿಸಿದವರು ಮೈಸೂರಿನಲ್ಲಿ ಬೆಳೆದು ಷಿಕಾಗೊದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್. 1967ರ ‘ದ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ನಲ್ಲಿ ಅವರು ವಿವರಿಸಿದ ಪ್ರಾಚೀನ ತಮಿಳಿನ ಅಗಂ ಕಾವ್ಯದಲ್ಲಿ ಬೆಟ್ಟ, ಕಾಡು, ಹೊಲ, ಕಡಲತೀರ, ಪಾಳುನೆಲ ಎಂಬ ಐದು ‘ತಿಣೈ’ಗಳು ಪ್ರೇಮದ ಐದು ಅವಸ್ಥೆಗಳಿಗೆ ಹೊಂದಿಕೊಂಡಿವೆ. ಅವರ ಸ್ವಂತ ಕನ್ನಡ ಮತ್ತು ಇಂಗ್ಲಿಷ್ ಕವಿತೆಗಳಲ್ಲೂ ಈ ಓದಿನ ಗುರುತು ಕಾಣುತ್ತದೆ.

ಭೀಮಾತೀರದ ತತ್ವಪದ

ಭೀಮಾನದಿ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಮೂಲಕ ಹರಿಯುತ್ತದೆ. ಆಳಂದ ಸೀಮೆಯಿಂದ ಬರುವ ಅಮರ್ಜಾ ಹೊಳೆ ದೇವಲ ಗಾಣಗಾಪುರದ ಬಳಿ ಅದನ್ನು ಕೂಡುತ್ತದೆ. ಶರಣರ ವಚನ, ಆರೂಢ ಮತ್ತು ಅವಧೂತ ಪಂಥಗಳು, ಆಳಂದದ ಲಾಡ್ಲೆ ಮಶಾಯಕ್ ದರ್ಗಾ ಮತ್ತು ಕಲಬುರಗಿಯ ಬಂದೇ ನವಾಜರ ದರ್ಗಾ ಪ್ರತಿನಿಧಿಸುವ ಸೂಫಿ ಪರಂಪರೆ, ಇವೆಲ್ಲ ಬೆರೆತ ಈ ಸೀಮೆಯಲ್ಲಿ 18–19ನೆಯ ಶತಮಾನಗಳಲ್ಲಿ ತತ್ವಪದ ಸಮೃದ್ಧವಾಗಿ ಬೆಳೆಯಿತು. ಅದರ ಕೇಂದ್ರವ್ಯಕ್ತಿ ಕಡಕೋಳ ಮಡಿವಾಳಪ್ಪ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದ ಅವರು ನೆಲೆನಿಂತ ಕಡಕೋಳ ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿತ್ತು, ಈಗ ಯಡ್ರಾಮಿ ತಾಲ್ಲೂಕಿನಲ್ಲಿದೆ. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾದ ಅವರ ಶಿಷ್ಯರು ಬೇರೆ ಬೇರೆ ಜಾತಿ-ಮತಗಳಿಂದ ಬಂದವರು.

ತತ್ವಪದ ಶಾಸ್ತ್ರಗ್ರಂಥವನ್ನು ಬರೆಯಲಿಲ್ಲ. ಅದರ ಮೀಮಾಂಸೆ ಹಾಡುವ ಪದ್ಧತಿಯಲ್ಲೇ ಇದೆ, ಮತ್ತು ಅದನ್ನು ಅಲ್ಲಿಂದಲೇ ಹೆಕ್ಕಿಕೊಳ್ಳಬೇಕು. ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಭಜನೆ ಕೂಡಿದಾಗ ಏಕತಾರಿ, ತಾಳ, ದಮ್ಮಡಿಗಳ ಜತೆ ಒಬ್ಬರು ನುಡಿಯನ್ನೆತ್ತಿ ಹಾಡುತ್ತಾರೆ, ಉಳಿದವರು ಪಲ್ಲವಿಯನ್ನು ಹಿಡಿಯುತ್ತಾರೆ. ಹಾಡಿನೊಳಗಿನ ‘ನಾನು’ ಕವಿಯದೆಂದು ಕೇಳುಗರು ಭಾವಿಸುವುದಿಲ್ಲ. ಹಾಡುತ್ತಿರುವ ಪ್ರತಿಯೊಬ್ಬರೂ ಆ ಗಳಿಗೆಗೆ ಆ ‘ನಾನು’ವನ್ನು ತೊಡುತ್ತಾರೆ. ಕೊನೆಯ ನುಡಿಯಲ್ಲಿ ಅಂಕಿತ ಬಂದಾಗ, ಅಂದರೆ ಗುರುವಿನದೋ ಇಷ್ಟದೈವದ್ದೋ ಹೆಸರು ಬಂದಾಗ, ಅಷ್ಟು ಹೊತ್ತು ಮಾತನಾಡಿದ ‘ನಾನು’ ಆ ಹೆಸರಿಗೆ ಒಪ್ಪಿಸಲ್ಪಡುತ್ತದೆ. ಅಭಿನವಗುಪ್ತ ಸಹೃದಯನ ಅಂತರಂಗದಲ್ಲಿ ನಡೆಯುವುದೆಂದು ವಿವರಿಸಿದ ಸಾಧಾರಣೀಕರಣ ಇಲ್ಲಿ ಹತ್ತು ಜನರ ಕೊರಳಿನಲ್ಲಿ ಕಿವಿಗೆ ಕೇಳುವಂತೆ ನಡೆಯುತ್ತದೆ. ವಾಂಗ್ ಗೋವೇಯ್ ಎರಡು ಬೇರೆ ಲೋಕಗಳೆಂದು ಗುರುತಿಸಿದ ‘ನಾನು’ ಇರುವ ಮತ್ತು ಇಲ್ಲದ ಸ್ಥಿತಿಗಳು ಇಲ್ಲಿ ಒಂದೇ ಹಾಡಿನ ಆರಂಭ ಮತ್ತು ಅಂತ್ಯಗಳು.

ಈ ನೆಲೆಯಿಂದ ಎಮಿಲಿ ಡಿಕಿನ್ಸನ್‌ಳನ್ನು ಓದಿದರೆ ಆಕೆಯ ಕವಿತೆಯ ಒಂದು ಮುಖ್ಯ ಲಕ್ಷಣ ಬೆಳಕಿಗೆ ಬರುತ್ತದೆ. 1886ರಲ್ಲಿ ತೀರಿಕೊಂಡ ಆಕೆ ಬರೆದದ್ದು ಸುಮಾರು 1,800 ಕವಿತೆಗಳು. ಬದುಕಿದ್ದಾಗ ಅಚ್ಚಾದವು ಸುಮಾರು ಹತ್ತು ಮಾತ್ರ. ಅತ್ಯಂತ ಏಕಾಂತದ ಕವಿಯೆಂದು ಹೆಸರಾದ ಈಕೆಯ ಬಹುಪಾಲು ಕವಿತೆಗಳ ಛಂದಸ್ಸು ಇಡೀ ಚರ್ಚು ಒಟ್ಟಾಗಿ ಹಾಡುವ ಸ್ತುತಿಗೀತೆಗಳದ್ದು. ತತ್ವಪದಕಾರರೂ ಊರಿಗೆಲ್ಲ ಗೊತ್ತಿರುವ ಧಾಟಿಗೆ ಹೊಸ ಮಾತನ್ನು ಕೂಡಿಸಿದವರು. ಎಲ್ಲರ ಧಾಟಿಯಲ್ಲಿ ಯಾರೂ ಹಾಡದ ಮಾತನ್ನಿಟ್ಟಾಗ ಹುಟ್ಟುವ ಬಿಗಿ ಡಿಕಿನ್ಸನ್‌ಳ ಶಕ್ತಿಯ ಮೂಲಗಳಲ್ಲಿ ಒಂದು; ಭಜನೆಯನ್ನು ಕೇಳಿ ಬೆಳೆದ ಕಿವಿಗೆ ಅದು ಬೇಗ ತಿಳಿಯುತ್ತದೆ. ತನ್ನ ಕವಿತೆಯೊಳಗೆ ಮಾತನಾಡುವ ‘ನಾನು’ ತಾನಲ್ಲ, ಕಲ್ಪಿತ ವ್ಯಕ್ತಿಯೊಬ್ಬರು ಎಂದು ಆಕೆ 1862ರ ಪತ್ರವೊಂದರಲ್ಲಿ ಸ್ಪಷ್ಟಪಡಿಸಿದ್ದಳು. ಆದರೆ ಆ ‘ನಾನು’ವನ್ನು ಒಪ್ಪಿಸಲು ಆಕೆಗೆ ಅಂಕಿತವಿರಲಿಲ್ಲ, ಎತ್ತಿ ಹಾಡಲು ಹಿಮ್ಮೇಳವೂ ಇರಲಿಲ್ಲ, ಸಾಲುಗಳ ನಡುವೆ ಆಕೆ ಎಳೆದ ಗೆರೆಗಳಲ್ಲಿ ಉಳಿಯುವ ನಿಲುಗಡೆಗಳನ್ನು ಹಿಮ್ಮೇಳ ಬರಬೇಕಿದ್ದ ತೆರಪುಗಳೆಂದು ಓದುವುದಕ್ಕೆ ಅವಕಾಶವಿದೆ.

ವಿಲಿಯಂ ಬ್ಲೇಕ್‌ನ ವಿಷಯದಲ್ಲಿ ಪಲ್ಲವಿಯ ವಿಚಾರ ಹೆಚ್ಚು ಉಪಯುಕ್ತ. ತತ್ವಪದದಲ್ಲಿ ಪ್ರತಿ ನುಡಿಯ ಬಳಿಕ ಪಲ್ಲವಿ ಅದೇ ಮಾತುಗಳಲ್ಲಿ ಮರಳುತ್ತದೆ, ಆದರೆ ನಡುವೆ ಬಂದ ನುಡಿ ಅದರ ಅರ್ಥವನ್ನು ಬದಲಿಸಿರುತ್ತದೆ. ಉದಾಹರಣೆಗೆ, ಪಲ್ಲವಿಯಲ್ಲಿ ಬರುವ ಬೀಸುವ ಕಲ್ಲು ಮೊದಲ ಸಲ ಕಲ್ಲಾಗಿಯೇ ಕೇಳಿಸಿ, ನಾಲ್ಕನೆಯ ಸಲಕ್ಕೆ ದೇಹವಾಗಿರುತ್ತದೆ. 1794ರಲ್ಲಿ ಬ್ಲೇಕ್ ಸ್ವತಃ ಕೊರೆದು ಅಚ್ಚುಹಾಕಿದ ಗೀತೆಗಳಲ್ಲೊಂದಾದ ‘ದ ಟೈಗರ್’ನಲ್ಲಿ ಮೊದಲ ಪದ್ಯವೇ ಕೊನೆಯ ಪದ್ಯವಾಗಿ ಮರಳುವಾಗ ಒಂದೇ ಒಂದು ಶಬ್ದ ಬದಲಾಗಿದೆ: ಹುಲಿಯನ್ನು ರೂಪಿಸುವ ಸಾಮರ್ಥ್ಯ ಯಾರಿಗಿದ್ದೀತು ಎಂಬ ಪ್ರಶ್ನೆ, ರೂಪಿಸುವ ಧೈರ್ಯ ಯಾರಿಗೆ ಬಂದೀತು ಎಂಬ ಪ್ರಶ್ನೆಯಾಗಿದೆ. ಮಾತು ಬದಲಾಗದೆ ಅರ್ಥ ಬದಲಾಗುವುದಕ್ಕೆ ಒಗ್ಗಿದ ಕೇಳುಗ ಇಲ್ಲಿ ಮಾತೇ ಬದಲಾದದ್ದರ ಒತ್ತಡವನ್ನು ಹೆಚ್ಚು ತೀವ್ರವಾಗಿ ಗ್ರಹಿಸುತ್ತಾನೆ. ಭೇದವೂ ಅಷ್ಟೇ ಮುಖ್ಯ. ವಚನ ಮತ್ತು ತತ್ವಪದಗಳ ಬೆಡಗು, ಎಂದರೆ ಒಗಟಿನಂತೆ ಕಟ್ಟಿದ ಮಾತು, ಬಿಡಿಸಬಲ್ಲ ಗುರುವೊಬ್ಬನಿದ್ದಾನೆಂಬ ನಂಬಿಕೆಯ ಮೇಲೆ ನಿಂತಿದೆ, ಹಾಡು ಮುಗಿದ ಮೇಲೆ ಭಜನೆಯ ಕಟ್ಟೆಯಲ್ಲೇ ಅದರ ಅರ್ಥವಿವರಣೆ ನಡೆಯುತ್ತದೆ. ಬ್ಲೇಕ್‌ನ ಕವಿತೆಯಲ್ಲಿ ಪ್ರಶ್ನೆಗಳ ಮೇಲೆ ಪ್ರಶ್ನೆಗಳು ಬರುತ್ತವೆ, ಉತ್ತರಿಸುವ ಸ್ಥಾನದಲ್ಲಿ ಯಾರನ್ನೂ ಕೂರಿಸಲು ಕವಿ ಒಪ್ಪುವುದಿಲ್ಲ.